ಆ ರಿಫಿಲ್‌ನ ಗಾಯ, 16 ವರ್ಷದ ನಂತರ

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ವರ್ಷ ಯೋಚಿಸಿದ್ದೇನೆ. ಕೊನೆಗೆ ಹೆಂಡತಿಯೇ ಹೇಳಿದಳು, "ಹೆಸರು ಹಾಕದೆ ಬರೀರಿ, ಆದ್ರೆ ಬರೀರಿ." 22ನೇ ವಯಸ್ಸಿನಲ್ಲಿ ನಾನೇ ಮಾಡಿಕೊಂಡ ಮೂತ್ರನಾಳದ ಗಾಯದ ಕಥೆ ಇದು. ಆಗ ಇಂಥದ್ದೊಂದು ಬರಹ ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದರೆ ಮುಂದಿನ ಹತ್ತು ವರ್ಷ ಬೇರೆ ಥರ ಇರುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

2009ರ ಮೇ ತಿಂಗಳು. ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಬಿಜೈ ಹತ್ತಿರ ಒಂದು ಸಣ್ಣ ರೂಮು, ಹಂಚಿನ ಮಾಡು, ಸಿಕ್ಕಾಪಟ್ಟೆ ಸೆಕೆ. ಕೆಲವು ದಿನದಿಂದ ಉರಿಮೂತ್ರ ಇತ್ತು, ಒಳಗೆ ತುರಿಕೆಯೂ ಇತ್ತು. ಅಮ್ಮನಿಗೆ ಫೋನ್ ಮಾಡಿದಾಗ "ಉಷ್ಣ ಆಗಿರ್ಬೇಕು, ಬೊಂಡ ಕುಡಿ, ಪುನರ್ಪುಳಿ ಶರಬತ್ತು ಮಾಡ್ಕೊ" ಅಂದರು. ನಮ್ಮ ಊರಲ್ಲಿ ಸೊಂಟದ ಕೆಳಗಿನ ಎಲ್ಲ ಕಾಯಿಲೆಗೂ ಉಷ್ಣ ಅಂತಲೇ ಹೆಸರು. ಅದೊಂದು ಇನ್ಫೆಕ್ಷನ್, ಮೂತ್ರ ಪರೀಕ್ಷೆ ಮಾಡಿಸಿ ಮಾತ್ರೆ ತೆಗೆದುಕೊಂಡರೆ ಹೋಗುತ್ತದೆ ಅಂತ ಯಾರೂ ಹೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ.

ಒಂದು ರಾತ್ರಿ ಬಾಲ್ ಪೆನ್ನಿನ ರಿಫಿಲ್ಲನ್ನು ಮೂತ್ರದ ದಾರಿಯೊಳಗೆ ಹಾಕಿದೆ. ತುರಿಕೆ ತಡೆಯಲಾರದೆ ಹಾಗೆ ಮಾಡಿದೆ ಅಂದರೆ ಅರ್ಧ ಮಾತ್ರ ಸತ್ಯ. ಕುತೂಹಲವೂ ಇತ್ತು. ಇದನ್ನು ಓದುತ್ತಿರುವವರಲ್ಲಿ ಇಂಥದ್ದೇನಾದರೂ ಮಾಡಿಕೊಂಡವರು ಒಬ್ಬರಾದರೂ ಇರುತ್ತಾರೆ, ಅವರಿಗೆ ನಾನು ಪೂರ್ತಿ ಸತ್ಯ ಹೇಳಬೇಕು ಅಲ್ವಾ. ರಿಫಿಲ್ ಒಳಗೆ ಜಾರಿತು. ಗಾಬರಿಯಾಗಿ ಎಳೆದೆ. ಹೊರಗೆ ಬಂತು, ಅದರ ಜೊತೆ ರಕ್ತವೂ ಬಂತು. ಎರಡು ದಿನ ಒಂದಕ್ಕೆ ಹೋದಾಗಲೆಲ್ಲ ರಕ್ತ, ಹಲ್ಲು ಕಚ್ಚುವಷ್ಟು ಉರಿ. ಮೂರನೇ ದಿನ ರಕ್ತ ನಿಂತಿತು. ವಾರದಲ್ಲಿ ನೋವೂ ಹೋಯಿತು. ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಗಂಡಸರ ಮೂತ್ರನಾಳ ಸುಮಾರು 18ರಿಂದ 20 ಸೆಂ.ಮೀ. ಉದ್ದ ಇರುತ್ತದೆ. ಮನೆಯ ನಲ್ಲಿಯ ಪೈಪಿನ ಹಾಗೆ ನೇರ ಅಲ್ಲ, ಒಳಗೆ ತಿರುವು ಉಂಟು. ಒಳಪದರ ಬಾಯಿಯ ಒಳಗಿನ ಚರ್ಮದಷ್ಟು ಮೃದು. ಅದರ ಸುತ್ತ ರಕ್ತ ತುಂಬಿದ ಸ್ಪಂಜಿನಂಥ ಪದರ ಇದೆ. ಒಳಪದರ ಹರಿದರೆ ಆ ಸೀಳಿನಲ್ಲಿ ಮೂತ್ರ ಇಳಿದು ಸ್ಪಂಜಿಗೂ ತಾಗುತ್ತದೆ. ಗಾಯ ಮಾಗುವಾಗ ಅಲ್ಲಿ ಗಟ್ಟಿ ಕಲೆ ಕಟ್ಟುತ್ತದೆ. ಮೊಣಕಾಲಿನ ಮೇಲಿನ ಹಳೇ ಗಾಯದ ಕಲೆ ನೋಡಿ, ಸುತ್ತಲಿನ ಚರ್ಮವನ್ನು ಹೇಗೆ ಎಳೆದುಕೊಂಡಿರುತ್ತದೆ. ಮೊಣಕಾಲಿನಲ್ಲಿ ಅದರಿಂದ ತೊಂದರೆ ಇಲ್ಲ. ಕೆಲವೇ ಮಿಲಿಮೀಟರ್ ಅಗಲದ ದಾರಿಯಲ್ಲಿ ಹಾಗೆ ಎಳೆದುಕೊಂಡರೆ ದಾರಿಯೇ ಸಣ್ಣದಾಗುತ್ತದೆ. ಇದಕ್ಕೆ ಡಾಕ್ಟರುಗಳು ಸ್ಟ್ರಿಕ್ಚರ್ ಅನ್ನುತ್ತಾರೆ. ಕೆಲವರಿಗೆ ಕೆಲವೇ ವಾರದಲ್ಲಿ ಆಗುತ್ತದೆ, ಕೆಲವರಿಗೆ ವರ್ಷಗಳು ಬೇಕು. ನನಗೆ ಮೊದಲ ಲಕ್ಷಣ ಗೊತ್ತಾಗಲಿಕ್ಕೆ ನಾಲ್ಕು ವರ್ಷ ಹಿಡಿಯಿತು.

ಗೊತ್ತಾಗಲಿಕ್ಕೆ ಅಂದೆ, ಆದರೆ ನಿಜವಾಗಿ ಗೊತ್ತಾಗಲೇ ಇಲ್ಲ. ಧಾರೆ ಒಂದೇ ದಿನ ಸಣ್ಣ ಆಗುವುದಿಲ್ಲ. ಇವತ್ತಿಗೂ ನಾಳೆಗೂ ವ್ಯತ್ಯಾಸ ಇರುವುದಿಲ್ಲ, ನಾವು ದಿನಾ ಅದಕ್ಕೆ ಹೊಂದಿಕೊಂಡು ಹೋಗುತ್ತೇವೆ. ಮದುವೆಯ ಹೊತ್ತಿಗೆ ನಾನು ಕಟಪಾಡಿಯಿಂದ ಮಂಗಳೂರಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಬೆಳಿಗ್ಗೆ ಚಾ ಬಿಟ್ಟೆ. ಆಮೇಲೆ ನೀರು ಬಿಟ್ಟೆ. ಪಡುಬಿದ್ರಿ, ಮುಲ್ಕಿ, ಸುರತ್ಕಲ್, ಎಲ್ಲಿ ಯಾವ ಹೋಟೆಲಿನ ಹಿಂದೆ ಶೌಚಾಲಯ ಉಂಟು ಅಂತ ಬಾಯಿಪಾಠ ಆಯಿತು. ಸಾಲಿನಲ್ಲಿ ನಿಂತು ಒಂದಕ್ಕೆ ಹೋಗುವುದನ್ನು ಬಿಟ್ಟು ಬಾಗಿಲು ಹಾಕಿಕೊಳ್ಳುವ ಶೌಚಾಲಯವೇ ಹುಡುಕುತ್ತಿದ್ದೆ. ಪಕ್ಕದವನು ಬಂದು, ಮುಗಿಸಿ, ಕೈ ತೊಳೆದು ಹೋಗುವಷ್ಟರಲ್ಲಿ ನನ್ನದು ಶುರುವಾಗಿರುತ್ತಿರಲಿಲ್ಲ. ಧಾರೆ ಎರಡಾಗಿ ಒಡೆದು ಪ್ಯಾಂಟಿಗೆ ಸಿಡಿಯುತ್ತಿತ್ತು. ಯಕ್ಷಗಾನಕ್ಕೆ ಹೋದರೆ ಸಾಲಿನ ಕೊನೆಯ ಕುರ್ಚಿಯೇ ಬೇಕು. ಮದುವೆ ಊಟಕ್ಕೆ ಕೂತರೆ ಸಾರು ಬೇಡ, ಮಜ್ಜಿಗೆ ಬೇಡ. ಇಷ್ಟೆಲ್ಲ ಆದರೂ ಇದು ಕಾಯಿಲೆ ಅಂತ ಅನ್ನಿಸಲಿಲ್ಲ. ನನ್ನ ಸ್ವಭಾವವೇ ಹೀಗೆ ಅಂದುಕೊಂಡಿದ್ದೆ.

ವರ್ಷಕ್ಕೆ ಎರಡು ಮೂರು ಸಲ ಜ್ವರ, ಚಳಿ, ಉರಿಮೂತ್ರ. ಮೆಡಿಕಲ್ ಶಾಪಿನಿಂದ ಮಾತ್ರೆ. ದಾರಿ ಸಣ್ಣ ಆದಾಗ ಮೂತ್ರಕೋಶ ಪೂರ್ತಿ ಖಾಲಿ ಆಗುವುದಿಲ್ಲ, ಉಳಿದ ಮೂತ್ರದಲ್ಲಿ ಮತ್ತೆ ಮತ್ತೆ ಇನ್ಫೆಕ್ಷನ್ ಆಗುತ್ತದೆ. ಇದೆಲ್ಲ ಆಮೇಲೆ ತಿಳಿದದ್ದು.

ಒಂದು ವಿಷಯ ಬರೆಯಲು ಕೈ ನಡುಗುತ್ತದೆ. 2015ರಲ್ಲಿ ನಮ್ಮ ಮದುವೆ ಆಯಿತು. ಎರಡು ವರ್ಷ ಮಗು ಆಗಲಿಲ್ಲ. ಪರೀಕ್ಷೆಗಳೆಲ್ಲ ಅವಳಿಗೆ. ಸ್ಕ್ಯಾನಿಂಗ್, ರಕ್ತ, ಹಾರ್ಮೋನ್, ಮಾತ್ರೆ, ಹರಕೆ. ಅತ್ತೆ ಒಬ್ಬರೇ ಅಲ್ಲ, ನನ್ನ ಅಮ್ಮನೂ ಅವಳ ಮುಖವನ್ನೇ ನೋಡುತ್ತಿದ್ದರು. ನನಗೆ ಗೊತ್ತಿತ್ತು. ವೀರ್ಯ ಸರಿಯಾಗಿ ಹೊರಗೆ ಬರುತ್ತಿರಲಿಲ್ಲ, ಆಮೇಲೆ ತೊಟ್ಟಿಕ್ಕುತ್ತಿತ್ತು. ದಾರಿ ಕಟ್ಟಿದರೆ ಮೂತ್ರಕ್ಕೆ ಹೇಗೋ ಅದಕ್ಕೂ ಹಾಗೆಯೇ. ಜೊತೆಗೆ ಉದ್ರೇಕ ಆದಾಗ ಅಂಗ ಕೆಳಗೆ ಬಗ್ಗುತ್ತಿತ್ತು, ಎಳೆದ ಹಾಗೆ ನೋವು. ಅದಕ್ಕೇ ನಾನು ನೆವ ಹೇಳಿ ದೂರ ಮಲಗುತ್ತಿದ್ದೆ. ತನ್ನ ಮೇಲೆ ನನಗೆ ಇಷ್ಟ ಇಲ್ಲ ಅಂದುಕೊಂಡಳು. ಮಗು ಆಗದಿರಲು ನನ್ನ ಗಾಯ ಒಂದೇ ಕಾರಣ ಅಂತ ಯಾವ ಡಾಕ್ಟರೂ ಹೇಳಿಲ್ಲ, ಹೇಳಲಿಕ್ಕೂ ಆಗುವುದಿಲ್ಲ. ಆದರೆ ಅವಳು ಆ ಎರಡು ವರ್ಷ ಒಬ್ಬಳೇ ಪರೀಕ್ಷೆ ಕೊಟ್ಟದ್ದು ನನ್ನ ಸುಮ್ಮನಿರುವಿಕೆಯಿಂದ.

2018ರ ಜನವರಿ 17. ಉಡುಪಿಯಲ್ಲಿ ಪರ್ಯಾಯದ ರಾತ್ರಿ. ಪಲಿಮಾರು ಮಠದ ಪರ್ಯಾಯ. ಭಾವ ಮತ್ತು ಅವರ ಮನೆಯವರ ಜೊತೆ ಜೋಡುಕಟ್ಟೆಯ ಹತ್ತಿರ ನಿಂತಿದ್ದೆ, ಮೆರವಣಿಗೆ ನೋಡಲಿಕ್ಕೆ. ಜನ ಅಂದರೆ ಕಾಲಿಡಲು ಜಾಗ ಇಲ್ಲ. ಸಂಜೆಯಿಂದ ಒಂದಕ್ಕೆ ಹೋಗಿರಲಿಲ್ಲ. ರಾತ್ರಿ ಎರಡು ಗಂಟೆ ಹೊತ್ತಿಗೆ ಹೇಗೋ ನುಸುಳಿ ಶೌಚಾಲಯಕ್ಕೆ ಹೋದರೆ, ಬರಲಿಲ್ಲ. ತಿಣುಕಿದೆ. ಒಂದು ಹನಿ ಇಲ್ಲ. ಅರ್ಧ ಗಂಟೆ ಕಳೆಯಿತು. ಹೊರಗೆ ಚೆಂಡೆ, ತಾಸೆ, ಹುಲಿವೇಷದ ಸದ್ದು, ಒಳಗೆ ನಾನು ಗೋಡೆ ಹಿಡಿದುಕೊಂಡು ಬೆವರುತ್ತಿದ್ದೇನೆ. ಹೊಟ್ಟೆಯ ಕೆಳಗೆ ಮುಟ್ಟಿದರೆ ತೆಂಗಿನಕಾಯಿಯ ಹಾಗೆ ಗಟ್ಟಿ. ಆ ನೋವು ಹೇಗೆ ಹೇಳಲಿ, ಅದರಲ್ಲಿ ನಾಚಿಕೆಯೂ ಮರೆತುಹೋಗುತ್ತದೆ. ಭಾವನಿಗೆ ಫೋನ್ ಮಾಡಿದೆ. "ಎಂತ ಆಯ್ತು ಮಾರಾಯ, ಎಲ್ಲಿದ್ದಿ ನೀನು?" ಅಂತ ಕೇಳಿದವರು ಬಂದು ನನ್ನ ಮುಖ ನೋಡಿ ಮತ್ತೇನೂ ಕೇಳಲಿಲ್ಲ. ರಸ್ತೆಗಳೆಲ್ಲ ಬಂದ್. ಕಲ್ಸಂಕದವರೆಗೆ ನಡೆಸಿಕೊಂಡೇ ಹೋದರು, ಅಲ್ಲಿಂದ ರಿಕ್ಷಾ.

ಆಸ್ಪತ್ರೆಯಲ್ಲಿ ಕ್ಯಾಥೆಟರ್, ಅಂದರೆ ಮೂತ್ರ ಹೊರಗೆ ತೆಗೆಯುವ ನಳಿಕೆ, ಹಾಕಲು ನೋಡಿದರು. 16 ನಂಬರಿನದು ಹೋಗಲಿಲ್ಲ, 12 ಹೋಗಲಿಲ್ಲ, ಕೊನೆಗೆ ಮಕ್ಕಳಿಗೆ ಹಾಕುವ 8 ನಂಬರಿನದೂ ಹೋಗಲಿಲ್ಲ. ಆ ನಂಬರನ್ನು ಮೂರರಿಂದ ಭಾಗಿಸಿದರೆ ಮಿಲಿಮೀಟರಿನಲ್ಲಿ ದಪ್ಪ ಸಿಗುತ್ತದೆ. ಅಂದರೆ ಮೂರು ಮಿ.ಮೀ. ಕೂಡ ಇಲ್ಲದ ನಳಿಕೆಗೆ ನನ್ನೊಳಗೆ ಜಾಗ ಇರಲಿಲ್ಲ. ಹೊಕ್ಕುಳಿನ ಕೆಳಗೆ ಚುಚ್ಚಿ, ನೇರ ಮೂತ್ರಕೋಶಕ್ಕೆ ನಳಿಕೆ ಹಾಕಿದರು. 1,100 ಮಿ.ಲೀ. ಬಂತು. ಸಾಮಾನ್ಯ ಮೂತ್ರಕೋಶ ಹಿಡಿಯುವುದು 400ರಿಂದ 500.

"ಮೊದಲು ಏನಾದ್ರೂ ಪೆಟ್ಟು ಬಿದ್ದಿತ್ತಾ?" ಅಂತ ಡಾಕ್ಟರು ಕೇಳಿದರು. ಪಕ್ಕದಲ್ಲಿ ಭಾವ ನಿಂತಿದ್ದರು. "ಬೈಕಿನಿಂದ ಬಿದ್ದಿದ್ದೆ ಡಾಕ್ಟ್ರೇ" ಅಂದೆ. ಕೇಸ್ ಶೀಟಿನಲ್ಲಿ ಹಾಗೇ ಬರೆದರು.

ಆ ಒಂದು ವಾಕ್ಯ ಒಂದೂವರೆ ವರ್ಷ ನನ್ನ ಜೊತೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಬಂತು. ಎರಡು ಸಲ ದುರ್ಬೀನು, ಅಂದರೆ ಒಳಗೆ ನೋಡುವ ಸಣ್ಣ ನಳಿಕೆ ಹಾಕಿ, ಒಳಗಿನಿಂದಲೇ ಕಲೆಯನ್ನು ಕೊಯ್ದು ದಾರಿ ಬಿಡಿಸಿದರು. ಮೊದಲ ಸಲ ಐದು ತಿಂಗಳು ಚೆನ್ನಾಗಿತ್ತು. ಎರಡನೇ ಸಲ ಮೂರೇ ತಿಂಗಳು. ಕೊಯ್ದ ಜಾಗದಲ್ಲಿ ಮತ್ತೆ ಕಲೆ ಕಟ್ಟಬಹುದು, ಕೆಲವೊಮ್ಮೆ ಮೊದಲಿಗಿಂತ ಉದ್ದವಾಗಿ. ಮೂತ್ರನಾಳದಲ್ಲಿ ಇನ್ನೂ ಹಿಂದೆ, ಕೂರುವ ಜಾಗದ ಹತ್ತಿರ ಇರುವ ಸಣ್ಣ ಸ್ಟ್ರಿಕ್ಚರಿಗೆ ಈ ಕೊಯ್ಯುವ ವಿಧಾನ ಒಮ್ಮೆ ಮಾಡಿ ನೋಡುವುದು ಸರಿಯೇ. ನನ್ನದು ಮುಂಭಾಗದಲ್ಲಿ, ಅಂಗದೊಳಗೇ ಇರುವ ನಾಳದಲ್ಲಿ, ಅದೂ ಉದ್ದದ್ದು. ಅಲ್ಲಿ ಮತ್ತೆ ಮತ್ತೆ ಕೊಯ್ದು ಪ್ರಯೋಜನ ಕಡಿಮೆ. ಹಾಗಂತ ಆ ಡಾಕ್ಟರನ್ನು ದೂರುವುದಿಲ್ಲ. ನಾನು ಹೇಳಿದ ಕಥೆ ಬೇರೆ. ಅಂಗ ಬಗ್ಗುವ ವಿಷಯ ಹೇಳಲಿಲ್ಲ, ಒಳಗೆ ಹುರಿಹಗ್ಗದಂಥ ಗಂಟು ಕೈಗೆ ಸಿಗುವ ವಿಷಯವೂ ಹೇಳಲಿಲ್ಲ.

2019ರ ಮಳೆಗಾಲದಲ್ಲಿ ಮತ್ತೊಂದು ಆಸ್ಪತ್ರೆ. ಆರ್‌ಜಿಯು ಅಂತ ಒಂದು ಎಕ್ಸ್‌ರೇ ಮಾಡುತ್ತಾರೆ. ಮೂತ್ರದ ಬಾಯಿಯಿಂದ ಎಕ್ಸ್‌ರೇಯಲ್ಲಿ ಕಾಣುವ ದ್ರವ ಒಳಗೆ ಬಿಟ್ಟು, ಒಂದು ಬದಿಗೆ ವಾಲಿಸಿ ಮಲಗಿಸಿ ಚಿತ್ರ ತೆಗೆಯುತ್ತಾರೆ. ಆ ಫಿಲ್ಮನ್ನು ಬೆಳಕಿಗೆ ಹಿಡಿದು ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಭಾವನನ್ನೂ ನರ್ಸನ್ನೂ ಹೊರಗೆ ಕಳಿಸಿದರು. "ನೋಡಿ, ಬೈಕಿನಿಂದ ಬಿದ್ರೆ ಪೆಟ್ಟು ಬೀಳುವುದು ಇನ್ನೂ ಹಿಂದೆ, ಕೂರುವ ಜಾಗದ ಹತ್ತಿರ. ನಿಮ್ಮದು ಮುಂದೆ ಉಂಟು. ಒಳಗೆ ಏನಾದ್ರೂ ಹಾಕಿದ್ರಾ? ಹಾಕಿದ್ರೆ ಹೇಳಿ. ನಾನು ನೋಡಿದ ಮೊದಲನೆಯವರು ನೀವಲ್ಲ, ಕೊನೆಯವರೂ ಆಗುವುದಿಲ್ಲ."

ಹತ್ತು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟೆ. ಅತ್ತುಬಿಟ್ಟೆ ಕೂಡ. ಅವರ ಮುಖದಲ್ಲಿ ಆಶ್ಚರ್ಯವೂ ಇರಲಿಲ್ಲ, ಅಸಹ್ಯವೂ ಇರಲಿಲ್ಲ. ತಕ್ಷಣ ಬೇರೆ ಪ್ರಶ್ನೆಗಳು ಶುರುವಾದವು. ಎಷ್ಟು ದಿನ ರಕ್ತ ಬಂತು, ಉದ್ರೇಕದಲ್ಲಿ ನೋವು ಉಂಟಾ, ಯಾವ ಕಡೆ ಬಗ್ಗುತ್ತದೆ, ತುದಿಯಲ್ಲಿ ಸ್ಪರ್ಶ ಗೊತ್ತಾಗುತ್ತದಾ. ಕೈಯಿಂದ ಮುಟ್ಟಿ ಗಂಟನ್ನು ಗುರುತಿಸಿದರು. ಸ್ಕ್ಯಾನಿಂಗಿನಲ್ಲಿ ಕಲೆ ಬರೀ ಒಳಪದರದಲ್ಲಿ ಅಲ್ಲ, ಸುತ್ತಲಿನ ಸ್ಪಂಜಿಗೂ ಇಳಿದಿರುವುದು ಕಾಣಿಸಿತು. ಒಟ್ಟು ನಾಲ್ಕೂವರೆ ಸೆಂ.ಮೀ. ಇನ್ನೊಮ್ಮೆ ಕೊಯ್ಯುವುದು ಬೇಡ, ದಾರಿಯನ್ನೇ ಹೊಸದಾಗಿ ಕಟ್ಟಬೇಕು ಅಂದರು. ಇದನ್ನು ಯೂರೆತ್ರೋಪ್ಲಾಸ್ಟಿ ಅನ್ನುತ್ತಾರೆ.

ಹೊಸ ದಾರಿಗೆ ಬೇಕಾದ ಚರ್ಮ ಎಲ್ಲಿಂದ ತರುತ್ತಾರೆ ಗೊತ್ತಾ? ಕೆನ್ನೆಯ ಒಳಗಿನಿಂದ. ಬಾಯಿಯ ಒಳಪದರ ಯಾವಾಗಲೂ ಒದ್ದೆಯಲ್ಲೇ ಇರುವುದು, ಅದರಲ್ಲಿ ಕೂದಲು ಇಲ್ಲ, ಗಟ್ಟಿಯೂ ಹೌದು. ಮೂತ್ರನಾಳದಲ್ಲಿ ಚೆನ್ನಾಗಿ ಹಿಡಿಯುತ್ತದೆ. 1894ರಲ್ಲೇ ಸಪೆಝ್ಕೋ ಅನ್ನುವ ಸರ್ಜನ್ ಇದನ್ನು ಮಾಡಿದ್ದರಂತೆ, ಆಮೇಲೆ ಎಷ್ಟೋ ವರ್ಷ ಜನ ಮರೆತೇ ಬಿಟ್ಟಿದ್ದರು. ಈಗ ನಮ್ಮ ದೇಶದವರೇ ಇದರಲ್ಲಿ ಮುಂದೆ, ಪುಣೆಯ ಡಾ. ಸಂಜಯ್ ಕುಲಕರ್ಣಿ ಅವರ ಹೆಸರಿನಲ್ಲೇ ಒಂದು ವಿಧಾನ ಇದೆ. ದಾರಿ ಹಿಗ್ಗಿಸುವ ಯೋಚನೆಯಂತೂ ಇನ್ನೂ ಹಳೆಯದು. ಮುಂದೊಗಲು ಬಿಗಿದು ಮೂತ್ರ ಕಟ್ಟಿದವರಿಗೆ ತುಪ್ಪ ಸವರಿದ ಕೊಳವೆ ಹಾಕಿ, ಮೂರು ದಿನಕ್ಕೊಮ್ಮೆ ಇನ್ನೂ ದಪ್ಪದ್ದನ್ನು ಹಾಕಬೇಕು ಅಂತ ಸುಶ್ರುತ ಸಂಹಿತೆಯಲ್ಲಿ ಉಂಟು. ಇದನ್ನು ಓದಿದಾಗ ನನಗೆ ಸಮಾಧಾನ ಆಗಿತ್ತು. ಈ ಕಷ್ಟ ಅನುಭವಿಸಿದವನು ನಾನೊಬ್ಬನೇ ಅಲ್ಲವಲ್ಲ ಅಂತ.

ಆಪರೇಷನ್‌ಗೆ ಮೊದಲು ಬಾಯಿ ತೆರೆಸಿ ನೋಡಿದರು. ಮೂರು ಬೆರಳು ಹೋಗುವಷ್ಟು ಬಾಯಿ ತೆರೆಯಬೇಕು. ಇದು ನಮ್ಮ ಕಡೆಯವರು ಕೇಳಲೇಬೇಕಾದ ಮಾತು. ಅಡಿಕೆ, ಗುಟ್ಕಾ ಜಗಿಯುವವರ ಕೆನ್ನೆಯ ಒಳಗೆ ಬೆಳ್ಳಗೆ ಗಟ್ಟಿಯಾಗಿ ಬಾಯಿಯೇ ತೆರೆಯದ ಹಾಗೆ ಆಗುತ್ತದೆ. ಅಂಥ ಕೆನ್ನೆಯ ಚರ್ಮ ಕೆಲಸಕ್ಕೆ ಬರುವುದಿಲ್ಲ. ನನ್ನ ಪಕ್ಕದ ಹಾಸಿಗೆಯಲ್ಲಿದ್ದವರು ಅಡಿಕೆ ತೋಟದವರು, ಮೂವತ್ತು ವರ್ಷದಿಂದ ಎಲೆಅಡಿಕೆ ಹಾಕುತ್ತಿದ್ದರು. ಅವರಿಗೆ ನಾಲಗೆಯ ಅಡಿಯಿಂದ ಚರ್ಮ ತೆಗೆಯಬೇಕಾಯಿತು.

ನವೆಂಬರಿನಲ್ಲಿ ಆಪರೇಷನ್ ಆಯಿತು. ನಾಲ್ಕು ಗಂಟೆ ಹಿಡಿಯಿತು. ನನಗೆ ಕೆಳಗಿನ ನೋವಿಗಿಂತ ಬಾಯಿಯ ನೋವೇ ಜಾಸ್ತಿ ಇತ್ತು. ಮೊದಲ ವಾರ ತಣ್ಣಗಿನ ಗಂಜಿ ತಿಳಿ, ಮಜ್ಜಿಗೆ ಅಷ್ಟೇ. ಉಪ್ಪಿನಕಾಯಿ ನೆನಪಾದರೂ ಕಣ್ಣಲ್ಲಿ ನೀರು. ಮೂರು ವಾರ ಕ್ಯಾಥೆಟರ್. ತೆಗೆಯುವ ಮೊದಲು ಮತ್ತೆ ಎಕ್ಸ್‌ರೇ, ಎಲ್ಲೂ ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಖರ್ಚಿನ ಬಗ್ಗೆ ಕೇಳುವವರಿಗೆ ಒಂದು ಮಾತು: ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನುವ ಸರ್ಕಾರಿ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಂಟು. ನಿಮ್ಮ ಚಿಕಿತ್ಸೆ ಅದರಲ್ಲಿ ಬರುತ್ತದಾ ಅಂತ ಮೊದಲೇ ವಿಚಾರಿಸಿ. ಹಣ ಇಲ್ಲ ಅಂತ ಮನೆಯಲ್ಲೇ ಕೂರಬೇಡಿ.

ಹೆಂಡತಿಗೆ ಹೇಳಿದ್ದು ಆಪರೇಷನ್‌ನ ಹಿಂದಿನ ರಾತ್ರಿ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ರಿಫಿಲ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಎರಡು ವರ್ಷ ನನ್ನನ್ನು ಒಬ್ಬಳೇ ಕಳಿಸಿದ್ರಲ್ಲ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಈಗ ಹೇಗಿದೆ ಅಂತ ಕೇಳಿದರೆ, ಪೂರ್ತಿ ಮೊದಲಿನ ಹಾಗೆ ಆಗುವುದಿಲ್ಲ. ಒಂದಕ್ಕೆ ಹೋದ ಮೇಲೂ ಹನಿ ಉಳಿಯುತ್ತದೆ, ಕೆಳಗಿನಿಂದ ಬೆರಳಲ್ಲಿ ಒತ್ತಿ ಮುಂದಕ್ಕೆ ತಂದು ಖಾಲಿ ಮಾಡಬೇಕು, ಇಲ್ಲದಿದ್ದರೆ ಪ್ಯಾಂಟಿನಲ್ಲಿ ಕಲೆ. ತುದಿಯ ಎಡಭಾಗದಲ್ಲಿ ಒಂದು ಕಾಳಿನಷ್ಟು ಜಾಗ ಮರಗಟ್ಟಿದೆ. ಬಗ್ಗುವುದು ಕಡಿಮೆ ಆಗಿದೆ, ಹೋಗಿಲ್ಲ. ಆಪರೇಷನ್ ಆದ ಮೇಲೆ ಆರೇಳು ತಿಂಗಳು ಉದ್ರೇಕವೇ ಸರಿಯಾಗಿ ಆಗುತ್ತಿರಲಿಲ್ಲ, ತುಂಬ ಹೆದರಿದ್ದೆ. ಹೆಚ್ಚಿನವರಿಗೆ ಇದು ನಿಧಾನಕ್ಕೆ ಸರಿಹೋಗುತ್ತದೆ, ನನಗೂ ಹೋಯಿತು. ಕೆನ್ನೆಯ ಒಳಗೆ ಒಂದು ಗೆರೆ ಇದೆ, ನಾಲಗೆಗೆ ಸಿಗುತ್ತದೆ. ಮಗು ಇನ್ನೂ ಆಗಿಲ್ಲ. ಈಗ ಪರೀಕ್ಷೆಗೆ ಇಬ್ಬರೂ ಹೋಗುತ್ತೇವೆ.

ನಿಮಗೆ ಇಂಥದ್ದು ಈಗಷ್ಟೇ ಆಗಿದ್ದರೆ, ಒಳಗೆ ಏನಾದರೂ ಸಿಕ್ಕಿಕೊಂಡಿದ್ದರೆ, ದಯವಿಟ್ಟು ಎಳೆಯಬೇಡಿ. ನೂಕಬೇಡಿ. ನನ್ನ ಗಾಯದಲ್ಲಿ ಹಾಕುವಾಗ ಆದದ್ದಕ್ಕಿಂತ ಎಳೆಯುವಾಗ ಹರಿದದ್ದೇ ಜಾಸ್ತಿ ಇರಬೇಕು ಅಂತ ಡಾಕ್ಟರು ಹೇಳಿದರು. ಆಸ್ಪತ್ರೆಯಲ್ಲಿ ಹೆಚ್ಚಿನ ಸಲ ದುರ್ಬೀನು ಹಾಕಿ, ಕೊಯ್ಯದೆಯೇ ತೆಗೆಯುತ್ತಾರೆ. ಅದು ಜಾರಿ ಮೂತ್ರಕೋಶ ಸೇರಿದರೆ ಅದರ ಸುತ್ತ ಕಲ್ಲು ಕಟ್ಟಬಹುದು. ಹೊರಗಿನಿಂದ ಉಂಗುರ, ನಟ್ಟು, ದಾರ ಏನಾದರೂ ಬಿಗಿದುಕೊಂಡಿದ್ದರಂತೂ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಹೊರಡಿ. ರಕ್ತ ಓಡದೆ ಅಂಗವೇ ಕೊಳೆಯಬಹುದು. ಹಳೇ ಗಾಯ ಆಗಿದ್ದು, ಧಾರೆ ಸಣ್ಣ ಆಗಿದೆ, ಒಡೆಯುತ್ತದೆ, ತಿಣುಕಬೇಕಾಗುತ್ತದೆ ಅಂತ ಇದ್ದರೆ ಯೂರಾಲಜಿಸ್ಟ್, ಅಂದರೆ ಮೂತ್ರರೋಗದ ಡಾಕ್ಟರ ಹತ್ತಿರ ಹೋಗಿ. ಮೊದಲ ಪರೀಕ್ಷೆಯಲ್ಲಿ ನೋವೇ ಇಲ್ಲ, ಯೂರೋಫ್ಲೋಮೆಟ್ರಿ ಅಂತ, ಮೆಷಿನಿಗೆ ಹೊಂದಿಸಿದ ಒಂದು ಆಲಿಕೆಯೊಳಗೆ ಒಂದಕ್ಕೆ ಮಾಡುವುದು ಅಷ್ಟೇ. ಸೆಕೆಂಡಿಗೆ ಎಷ್ಟು ಮಿ.ಲೀ. ಬರುತ್ತದೆ ಅಂತ ಅದು ಗೆರೆ ಬರೆಯುತ್ತದೆ. 15ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ, 10ಕ್ಕಿಂತ ಕೆಳಗಿದ್ದರೆ ಎಲ್ಲೋ ಅಡ್ಡಿ ಇರಬಹುದು. ಆಪರೇಷನ್‌ಗೆ ಮೊದಲು ನನ್ನದು 4 ಇತ್ತು. ಗೆರೆ ಗುಡ್ಡದ ಹಾಗೆ ಏರಿ ಇಳಿಯುವ ಬದಲು ಗದ್ದೆಯ ಹಾಗೆ ಚಪ್ಪಟೆ ಇತ್ತು.

ಮತ್ತೆ, ಡಾಕ್ಟರು ಕೇಳಿದಾಗ ಬೈಕ್ ಅನ್ನಬೇಡಿ. ಜೊತೆಗೆ ಬಂದವರನ್ನು ಹೊರಗೆ ಕಳಿಸಿ ಅಂತ ನೀವೇ ಹೇಳಬಹುದು. ಆ ಮಾತು ನನಗೆ ಆವತ್ತು ಹೊಳೆದಿರಲಿಲ್ಲ.

ಪ್ರತಿ ವರ್ಷ ಒಮ್ಮೆ ತಪಾಸಣೆಗೆ ಹೋಗುತ್ತೇನೆ. ಕಲೆ ಮತ್ತೆ ಕಟ್ಟಬಹುದು, ಅದಕ್ಕೇ. ಬೆಳಿಗ್ಗೆ ಎರಡು ಲೋಟ ಚಾ, ಒಂದು ಬಾಟಲಿ ನೀರು ಕುಡಿದು, ಹೊಟ್ಟೆ ತುಂಬಿಸಿಕೊಂಡು ಮೆಷಿನ್ ರೂಮಿಗೆ ಹೋಗುವುದು. ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾಳೆ. ಈ ಸಲವೂ ಚೀಟಿ ಹಿಡಿದುಕೊಂಡು ಹೊರಗೆ ಬಂದೆ.

"ಎಷ್ಟು ಬಂತು?" ಅಂದಳು.

"ಹದಿನಾರು."

"ಹೋದ ವರ್ಷ ಹದಿನೇಳು ಇತ್ತಲ್ವಾ?" ಅಂದಳು, ಚೀಟಿ ತೆಗೆದುಕೊಂಡು ತನ್ನ ಬ್ಯಾಗಿನ ಫೈಲಿನೊಳಗೆ ಇಟ್ಟಳು.